ಹತ್ತನೆಯ ತರಗತಿಯ ಮಕ್ಕಳೂ ಬಳ್ಳಾರಿಯ ಪಾಠವೂ

ಕೊಳೆರೋಗದ ಔಷಧಿಯ ವಿಚಾರ ಬರೆಯಬೇಕಾದ ಈ ಪುಟದಲ್ಲಿ ಶಾಲೆಯ ವಿಚಾರ ಬರೆಯುತ್ತಿರುವುದಕ್ಕೆ ಸದಸ್ಯ ಬಾಂಧವರು ಮನ್ನಿಸಬೇಕು. ಕಾರಣವಿದೆ. ಕಳೆದ ಕೊಯ್ಲಿಗೆ ಕಂಪ್ಲಿ ಕಡೆಯಿಂದ ನಮ್ಮ ತೋಟಕ್ಕೆ ಬಂದಿದ್ದ ಕುಟುಂಬವೊಂದರ ಹುಡುಗ, ಹತ್ತನೆಯ ತರಗತಿಯವನು, ಎರಡು ತಿಂಗಳು ಶಾಲೆ ತಪ್ಪಿಸಿ ತಾಯಿಯೊಡನೆ ಹಣ್ಣು ಕೊಯ್ದ. ನಾಲ್ಕು ವಿಷಯಗಳಲ್ಲಿ ನಪಾಸಾದ. ಫಲಿತಾಂಶದ ದಿನ ಮನೆಯಿಂದ ಕಾಣೆಯಾದವನು ಮರುದಿನ ಹೊಸಪೇಟೆಯ ರೈಲು ನಿಲ್ದಾಣದಲ್ಲಿ ಸಿಕ್ಕಿದ. ಸಿಕ್ಕಿದ್ದು ಪುಣ್ಯ. "ನಾನಾ ಬೈದಿದ್ದೆ ಸಾವ್ಕಾರ್ರೇ, ತಪ್ಪಾತು" ಎಂದು ಅವನ ತಂದೆ ಫೋನಿನಲ್ಲಿ ಅತ್ತರು.

ತಪ್ಪು ಅವರೊಬ್ಬರದೇ ಅಲ್ಲ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚಿ, ಎಸ್.ಎಸ್.ಎಲ್.ಸಿ. ಪರೀಕ್ಷೆ ಮಾರ್ಚಿ-ಏಪ್ರಿಲ್. ಆ ಹುಡುಗ ಓದಬೇಕಾದ ತಿಂಗಳುಗಳು ನಮ್ಮ ಬುಟ್ಟಿಗೆ ಬಿದ್ದವು.

ಆ ನೆಪದಲ್ಲಿ ಹೊಸಪೇಟೆ, ಕಂಪ್ಲಿ, ಸಂಡೂರುಗಳಿಗೆ ಹೋಗಿಬಂದೆವು. ಹಂಪಿಯನ್ನೂ ನೋಡಿದೆವು, ಕಲ್ಲಿನ ರಥಕ್ಕಿಂತ, ಶಾಲೆಯ ಹೊತ್ತಿನಲ್ಲಿ ಪ್ರವಾಸಿಗರ ಹಿಂದೆ ತಿರುಗುವ ಹುಡುಗರೇ ಹೆಚ್ಚು ಕಣ್ಣಿಗೆ ಬಿದ್ದರು. ಅಲ್ಲಿನ ಹಿರಿಯ ಉಪಾಧ್ಯಾಯರೊಬ್ಬರು ಹೇಳಿದ್ದು ನೆನಪಿಡತಕ್ಕದ್ದು. ಹಿಂದುಳಿದವರಲ್ಲಿ ದಡ್ಡರು ಕಡಿಮೆಯಂತೆ. ಒಬ್ಬನಿಗೆ ಕಪ್ಪು ಹಲಗೆ ಕಾಣದು, ಒಬ್ಬಳ ಮನೆಯಲ್ಲಿ ಕುಡಿತದ ಗಲಾಟೆ, ಇನ್ನೊಬ್ಬನಿಗೆ ಐದನೆಯ ತರಗತಿಯಲ್ಲೇ ಓದು ತಪ್ಪಿಹೋಗಿದೆ. ಕೇಳುವವರಿಲ್ಲ, ಆದ್ದರಿಂದ ಹೇಳುವುದಿಲ್ಲ.

ಕೇಳುವವರನ್ನು ಎಲ್ಲಿಂದ ತರುವುದು? ಉತ್ತರ ಅದೇ ಸೀಮೆಯಲ್ಲಿದೆ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಮನೋವೈದ್ಯರು ಬೆಂಗಳೂರಿನಲ್ಲಿ, ರೋಗಿಗಳು ಮುನ್ನೂರು ಕಿಲೋಮೀಟರ್ ಆಚೆ. ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗವನ್ನು ಊರಲ್ಲೇ ಗುರುತಿಸಿ ಔಷಧಿ ಕೊಡುವ ವ್ಯವಸ್ಥೆಯಾಯಿತು. ಈಗ ಪ್ರತ್ಯೇಕ ವಿಜಯನಗರ ಜಿಲ್ಲೆಗೆ (2021) ಸೇರಿರುವ ಹೊಸಪೇಟೆಯೂ ಆಗ ಬಳ್ಳಾರಿಗೇ ಸೇರಿತ್ತು. 'ಬಳ್ಳಾರಿ ಮಾದರಿ'ಯನ್ನೇ ಆಧರಿಸಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಬರದ ಜಿಲ್ಲೆಯೆಂದು ನಾವು ಮೂಗು ಮುರಿಯುತ್ತಿದ್ದ ಸೀಮೆ ದೇಶಕ್ಕೇ ಪಾಠ ಹೇಳಿತು!

ಶಾಲೆಗೂ ಇದೇ ದಾರಿ. ಪ್ರತಿ ಪ್ರೌಢಶಾಲೆಗೂ ಒಬ್ಬ ಆಪ್ತ ಸಲಹೆಗಾರ ಬರುವವರೆಗೆ ಕಾಯಲಾಗದು. ಒಬ್ಬ ಉಪಾಧ್ಯಾಯರಾದರೂ ತರಬೇತಿ ಪಡೆದು, ಬೈಯದೆ ಕೇಳಿ, ಕನ್ನಡಕ ಬೇಕಾದವನನ್ನು ಕಣ್ಣಿನ ವೈದ್ಯರಲ್ಲಿಗೂ, ಊಟ ನಿದ್ದೆ ಬಿಟ್ಟು ಕುಳಿತವಳನ್ನು ತಾಲ್ಲೂಕು ಆಸ್ಪತ್ರೆಗೂ ಕಳುಹಿಸಿದರೆ ಅರ್ಧ ಕೆಲಸವಾಯಿತು. ಅಕ್ಟೋಬರ್ 2022ರಿಂದ ಟೆಲಿ-ಮಾನಸ್ ಸೇವೆಯೂ ಇದೆ: 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098.

ಕೂಲಿ ಲೈನಿನ ಗೋಡೆಗೂ ಬಟವಾಡೆ ಕೋಣೆಗೂ ಈ ಎರಡು ಸಂಖ್ಯೆಗಳನ್ನು ಬರೆಸಿರೆಂದು ಸದಸ್ಯರಲ್ಲಿ ವಿನಂತಿ. ನಮ್ಮವರ ಮಕ್ಕಳಿಗೂ ಬೇಕಾದೀತು. ಹಾಸ್ಟೆಲಿನಲ್ಲಿರುವ ಮಗ ಚೆನ್ನಾಗಿದ್ದಾನೆಂದು ನಂಬಿ ಕುಳಿತವರು ನಮ್ಮಲ್ಲೂ ಇದ್ದಾರೆ. ಕೊಯ್ಲಿಗೆ ಮುಂಗಡ ಕೊಡುವಾಗ ಮಕ್ಕಳು ಯಾವ ತರಗತಿಯೆಂದು ಕೇಳಿ. ಹತ್ತನೆಯವರನ್ನು ಅಜ್ಜಿಯ ಮನೆಯಲ್ಲೋ ಹಾಸ್ಟೆಲಿನಲ್ಲೋ ಬಿಟ್ಟುಬರಲು ಹೇಳಿ.

2024ರಲ್ಲಿ ಎಸ್.ಎಸ್.ಎಲ್.ಸಿ.ಗೆ ವರ್ಷಕ್ಕೆ ಮೂರು ಪರೀಕ್ಷೆಗಳು ಜಾರಿಗೆ ಬಂದವು. ನಮ್ಮ ಹುಡುಗ ಎರಡನೆಯದರಲ್ಲಿ ಮೂರು ವಿಷಯ ಮುಗಿಸಿದ್ದಾನೆ. ಗಣಿತ ಬಾಕಿ, ಮೂರನೆಯದಕ್ಕೆ ಕಟ್ಟಿದ್ದಾನೆ.