ಕೃಷ್ಣೆಯಲ್ಲಿ ಮಗುಚಿದ ದೋಣಿ

2019ರ ಆಗಸ್ಟ್ ಮಹಾಪೂರ. ಸಾಂಗ್ಲಿಯ ಆಯರ್ವಿನ್ ಸೇತುವೆ ಬಳಿ ಕೃಷ್ಣೆಯ ಅಪಾಯ ಮಟ್ಟ 45 ಅಡಿ. ಆ ವಾರ ನೀರು 57 ಅಡಿ ದಾಟಿತು. ಮಿರಜಿನ ಕೃಷ್ಣಾ ಘಾಟೂ ಮುಳುಗಿತ್ತು. ಕೃಷ್ಣಾ–ಯೆರಳಾ ಸಂಗಮದ ಬ್ರಹ್ಮನಾಳ ಗ್ರಾಮದಿಂದ 8ರಂದು ಬೆಳಿಗ್ಗೆ ಪಂಚಾಯಿತಿಯ ದೋಣಿ ಸುಮಾರು ಮೂವತ್ತು ಜನರನ್ನು ಹೊತ್ತು ಹೊರಟಿತು. ನಡುನೀರಿನಲ್ಲಿ ಮಗುಚಿತು. ಸತ್ತವರು 17, ಹೆಚ್ಚಿನವರು ಹೆಂಗಸರು, ಮಕ್ಕಳು.

ಭಾರ ಹೆಚ್ಚಾಗಿ ಮುಳುಗಿತು ಎಂದು ಇಂಥ ಕಡೆಯೆಲ್ಲ ಹೇಳುತ್ತಾರೆ. ಅದು ಅರ್ಧ ಸತ್ಯ. 6 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಚಪ್ಪಟೆ ತಳದ ದೋಣಿಯೊಂದಿದೆ ಎನ್ನಿ. ತಲಾ 60 ಕಿಲೋದ 30 ಜನ ಹತ್ತಿದರೆ 1,800 ಕಿಲೋ. ಆರ್ಕಿಮಿಡೀಸ್ ನಿಯಮದಂತೆ ಅಷ್ಟೇ ತೂಕದ ನೀರು ಸರಿಯಬೇಕು. ಅದಕ್ಕೆ ದೋಣಿ 20 ಸೆಂಟಿಮೀಟರ್ ಕೆಳಗಿಳಿದರೆ ಸಾಕು. ಇನ್ನೂ ತೇಲುತ್ತಿರುತ್ತದೆ! ನೋಡುವವರಿಗೆ ಧೈರ್ಯ ಬರುವುದೂ ಇದರಿಂದಲೇ.

ಕೆಡುವುದು ಸಮತೋಲ. ದೋಣಿ ವಾಲಿದಾಗ ಆ ಬದಿ ಹೆಚ್ಚು ನೀರಿಗಿಳಿಯುತ್ತದೆ, ನೀರು ಮೇಲಕ್ಕೆ ಒತ್ತುವ ಬಲವೂ ಅತ್ತಲೇ ಸರಿದು ದೋಣಿಯನ್ನು ನೆಟ್ಟಗೆ ಮಾಡುತ್ತದೆ. ಆ ಬಲದ ಗೆರೆ ದೋಣಿಯ ನಡುಗೆರೆಯನ್ನು ಕೂಡುವ ಬಿಂದುವೇ ಮೆಟಾಸೆಂಟರ್. ಜನ, ದೋಣಿ ಎರಡೂ ಸೇರಿದ ಗುರುತ್ವ ಕೇಂದ್ರ ಅದಕ್ಕಿಂತ ಕೆಳಗಿರಬೇಕು. ತಳದಲ್ಲಿ ಕುಳಿತವರ ಗುರುತ್ವ ಕೇಂದ್ರ ಒಂದಡಿಯ ಆಸುಪಾಸಿನಲ್ಲಿರುತ್ತದೆ. ನಿಂತವರದು ಸೊಂಟದ ಮಟ್ಟಕ್ಕೆ ಏರುತ್ತದೆ. ಕಿಕ್ಕಿರಿದ ದೋಣಿಯಲ್ಲಿ ಕೂರಲು ಜಾಗವೆಲ್ಲಿ? ಗಾಬರಿಯಿಂದ ನಾಲ್ಕು ಜನ ಒಂದೇ ಬದಿಗೆ ಸರಿದರೆ ಅಂಚು ನೀರಿಗೆ ತಾಗುತ್ತದೆ. ಒಳನುಗ್ಗಿದ ನೀರೂ ವಾಲಿದ ಬದಿಗೇ ಓಡುತ್ತದೆ.

1915ರಲ್ಲಿ ಷಿಕಾಗೋ ನದಿಯ ದಡಕ್ಕೆ ಹಗ್ಗ ಬಿಗಿದು ನಿಂತಿದ್ದ ಈಸ್ಟ್‌ಲ್ಯಾಂಡ್ ಹಡಗು ಹೀಗೆಯೇ ಹೊರಳಿ 844 ಜನ ಸತ್ತರು. ಟೈಟಾನಿಕ್ ದುರಂತದ ನಂತರ ಸುರಕ್ಷತೆಗೆಂದು ಮೇಲಿನ ಅಟ್ಟಕ್ಕೆ ಸೇರಿಸಿದ್ದ ಜೀವರಕ್ಷಕ ದೋಣಿಗಳ ಭಾರವೂ ಅದಕ್ಕೆ ಒಂದು ಕಾರಣ.

ನೆರೆಯಲ್ಲಿ ಅಪಾಯ ಇನ್ನೂ ಹೆಚ್ಚು. ಹರಿವಿನ ವೇಗ ಇಮ್ಮಡಿಯಾದರೆ ಅದರ ತಳ್ಳು ನಾಲ್ಕು ಪಟ್ಟಾಗುತ್ತದೆ. ಮುಳುಗಿದ ಮರಕ್ಕೋ ಕಂಬಕ್ಕೋ ದೋಣಿ ಸಿಕ್ಕಿತೆಂದರೆ ಸೆಳವು ಅದರ ಅಂಚನ್ನೇ ಅದುಮುತ್ತದೆ. ಆದರೆ ದೋಣಿ ಮಗುಚಲು ನೆರೆಯೇ ಬೇಕೆಂದಿಲ್ಲ: 2019ರಲ್ಲೇ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಸಮುದ್ರದಲ್ಲಿ ಮಗುಚಿ 16 ಜನ ಸತ್ತಿದ್ದರು.

ದೋಣಿ ಹತ್ತಿದವರು ತಳದಲ್ಲೇ ಕೂರಬೇಕು, ಲೈಫ್ ಜಾಕೆಟ್ ಕೇಳಿ ತೊಡಬೇಕು. ಆದರೆ ಮನೆಯೊಳಗೆ ನೀರು ಏರುತ್ತಿರುವಾಗ, ಇನ್ನೊಂದು ದೋಣಿ ಬರುತ್ತದೆಂಬ ಭರವಸೆಯಿಲ್ಲದೆ ಯಾರೂ ಸರದಿ ಕಾಯುವುದಿಲ್ಲ. ಆ ದೋಣಿಯನ್ನು ಮಳೆಗಾಲಕ್ಕೆ ಮೊದಲೇ ಊರಿಗೆ ತಂದಿಡುವುದು ಆಡಳಿತದ ಕೆಲಸ.