ತಕ್ಕಡಿ ತಿಳಿಸದ ಸಂಗತಿ

ಕಳೆದ ವರ್ಷ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ನನ್ನ ಬಳಿಗೆ ಬಂದು ತನ್ನ ಬೇಸರವನ್ನು ಹೇಳಿಕೊಂಡನು. ಹೊಟ್ಟೆ ಮುಂದಕ್ಕೆ ಬರುತ್ತಿದೆಯೆಂದು ಆತನು ಮೂರು ತಿಂಗಳಿಂದ ಪ್ರತಿದಿನವೂ ಬೆಳಗ್ಗೆ ಓಡುತ್ತಿದ್ದನು. ಸಂಜೆ ದಂಡ, ಬಸ್ಕಿ ಮಾಡುತ್ತಿದ್ದನು. ಕರಿದ ತಿಂಡಿಯನ್ನೂ ಸಿಹಿಯನ್ನೂ ಬಿಟ್ಟು, ಅನ್ನವನ್ನು ಕಡಮೆ ಮಾಡಿದ್ದನು. ಮೊದಲ ವಾರದ ನಾಲ್ಕೇ ದಿನಗಳಲ್ಲಿ ಎರಡು ಕಿಲೋಗ್ರಾಂ ಇಳಿದ ತೂಕವು ಅನಂತರ ಮೆಲ್ಲಮೆಲ್ಲನೆ ಏರಿ, ಮೂರನೆಯ ತಿಂಗಳ ಕೊನೆಗೆ ಮೊದಲಿದ್ದ 62 ಕಿಲೋಗ್ರಾಮಿಗೇ ಬಂದು ನಿಂತಿತ್ತು. “ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು, ಸಾರ್. ಇನ್ನು ರಾತ್ರಿಯ ಊಟವನ್ನೇ ಬಿಟ್ಟುಬಿಡುತ್ತೇನೆ” ಎಂದನು. “ನಿನ್ನ ಸೊಂಟದ ಪಟ್ಟಿ ಏನನ್ನುತ್ತದೆ?” ಎಂದು ಕೇಳಿದೆ. ಆತನು ಸ್ವಲ್ಪ ಯೋಚಿಸಿ, “ಎರಡು ತೂತು ಒಳಕ್ಕೆ ಸರಿದಿದೆ” ಎಂದನು.

ತೂಕ ಇದ್ದಷ್ಟೇ ಇದೆ, ಸೊಂಟ ಮಾತ್ರ ಕಿರಿದಾಗಿದೆ. ಇದು ಹೇಗೆ ಸಾಧ್ಯ? ಆ ವಿದ್ಯಾರ್ಥಿಯು ಹೈಸ್ಕೂಲಿನಲ್ಲೇ ಓದಿದ್ದ ಭೌತವಿಜ್ಞಾನದಲ್ಲಿ ಇದಕ್ಕೆ ಉತ್ತರವಿದೆ.

ಮೊದಲನೆಯದಾಗಿ, ತಕ್ಕಡಿಯು ನಮಗೆ ತಿಳಿಸುವುದಾದರೂ ಏನನ್ನು? ಭೂಮಿಯು ನಮ್ಮ ಶರೀರವನ್ನು ಎಷ್ಟು ಬಲದಿಂದ ಎಳೆಯುತ್ತದೆ ಎಂಬುದನ್ನು. ಅದರ ಮೂಲಕ ಶರೀರದ ಒಟ್ಟು ದ್ರವ್ಯರಾಶಿಯನ್ನು. ‘ಒಟ್ಟು’ ಎಂಬ ಮಾತನ್ನು ವಾಚಕರು ಗಮನಿಸಬೇಕು. ಎಲುಬು, ಸ್ನಾಯು, ಕೊಬ್ಬು, ರಕ್ತ, ಜಠರದಲ್ಲಿರುವ ಆಹಾರ, ಇವೆಲ್ಲವೂ ಆ ಒಂದೇ ಸಂಖ್ಯೆಯಲ್ಲಿ ಅಡಗಿರುತ್ತವೆ. ವಯಸ್ಕರ ತೂಕದಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲು ನೀರೇ. ಅರ್ಧ ಲೀಟರು ನೀರು ಕುಡಿದ ಕೂಡಲೆ ತೂಕವು ಅರ್ಧ ಕಿಲೋಗ್ರಾಂ ಏರುತ್ತದೆ. ಆದರೆ ನೀರು ಕುಡಿದು ದಪ್ಪನಾದೆನೆಂದು ಯಾರೂ ಹೇಳುವುದಿಲ್ಲ. ಮೊತ್ತವನ್ನು ತಿಳಿದ ಮಾತ್ರಕ್ಕೆ ಅದರ ಬಿಡಿ ಅಂಶಗಳು ತಿಳಿದಂತಾಗುವುದಿಲ್ಲ.

ಈಗ ಆ ಮೊದಲ ವಾರದ ವಿಜಯವನ್ನು ಪರೀಕ್ಷಿಸೋಣ. ನಾವು ತಿಂದ ಅನ್ನ, ರಾಗಿ, ಸಕ್ಕರೆ ಮೊದಲಾದವುಗಳ ಒಂದು ಭಾಗವನ್ನು ಶರೀರವು ಗ್ಲೈಕೊಜನ್ ಎಂಬ ಪಿಷ್ಟದ ರೂಪದಲ್ಲಿ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿಡುತ್ತದೆ. ಈ ಸಂಗ್ರಹವು ಸುಮಾರು 500 ಗ್ರಾಮಿನಷ್ಟಿರುತ್ತದೆ. ಒಂದೊಂದು ಗ್ರಾಂ ಗ್ಲೈಕೊಜನ್ನಿನೊಡನೆಯೂ ಸುಮಾರು ಮೂರು ಗ್ರಾಂ ನೀರು ಸೇರಿಕೊಂಡಿರುತ್ತದೆ. ಊಟ ತಗ್ಗಿ ದುಡಿಮೆ ಹೆಚ್ಚಿದಾಗ ಮೊದಲು ಖರ್ಚಾಗುವುದರಲ್ಲಿ ಈ ಸಂಗ್ರಹದ ಪಾಲು ದೊಡ್ಡದು. ಅದು ಕರಗಿದಂತೆ ಅದರೊಡನಿದ್ದ ನೀರೂ ಹೊರಗೆ ಹೋಗುತ್ತದೆ. ಸಂಗ್ರಹವೆಲ್ಲ ಬರಿದಾದರೆ ಎರಡು ಕಿಲೋಗ್ರಾಂ ಇಳಿಯಿತು!

ಇಳಿದದ್ದು ಕೊಬ್ಬೇ ಏಕಾಗಿರಬಾರದು ಎಂದು ಕೇಳಬಹುದು. ಶಕ್ತಿಸಂರಕ್ಷಣ ನಿಯಮವು ಅದಕ್ಕೆ ಒಪ್ಪುವುದಿಲ್ಲ. ಶರೀರದ ಒಂದು ಕಿಲೋಗ್ರಾಂ ಕೊಬ್ಬಿನ ಅಂಗಾಂಶದಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶಕ್ತಿ ಅಡಗಿದೆ. ನಾಲ್ಕು ದಿನಗಳಲ್ಲಿ ಎರಡು ಕಿಲೋಗ್ರಾಂ ಕೊಬ್ಬು ಕರಗಬೇಕಾದರೆ 15,400 ಕಿಲೋಕ್ಯಾಲೊರಿ, ಎಂದರೆ ದಿನಕ್ಕೆ 3,850ರಷ್ಟು ಕೊರತೆ ಬೀಳಬೇಕು. ಸಾಧಾರಣ ವಿದ್ಯಾರ್ಥಿಯೊಬ್ಬನು ಇಡೀ ದಿನದಲ್ಲಿ ವ್ಯಯಿಸುವ ಶಕ್ತಿಯೇ ಇಷ್ಟಿರುವುದಿಲ್ಲ. ಹೊಟ್ಟೆಗೆ ಏನನ್ನೂ ಹಾಕದಿದ್ದರೂ ಇದು ಆಗದ ಕೆಲಸ. ಇದೇ ಲೆಕ್ಕವನ್ನು ತಿರುಗಿಸಿದರೆ ಒಂದು ಸಮಾಧಾನವೂ ಉಂಟು: ಹಬ್ಬದ ಊಟದ ಮರುದಿನ ತೂಕವು ಒಂದೂವರೆ ಕಿಲೋಗ್ರಾಂ ಏರಿದ್ದರೆ ಅದೂ ಬಹುಮಟ್ಟಿಗೆ ನೀರು, ಗ್ಲೈಕೊಜನ್ ಮತ್ತು ಇನ್ನೂ ಜೀರ್ಣವಾಗದ ಆಹಾರವೇ ಹೊರತು ಕೊಬ್ಬಲ್ಲ.

ಹಾಗಾದರೆ ತೂಕವು ಮತ್ತೆ ಏರಿದ್ದೇಕೆ? ರೂಢಿಯಿಲ್ಲದ ವ್ಯಾಯಾಮವನ್ನು ಆರಂಭಿಸಿದಾಗ ಸ್ನಾಯುವಿನ ಎಳೆಗಳಿಗೆ ಅತಿ ಸಣ್ಣ ಪೆಟ್ಟುಗಳಾಗಿ, ಅವುಗಳ ದುರಸ್ತಿಯ ಕಾಲದಲ್ಲಿ ಅಲ್ಲಿ ದ್ರವವು ತುಂಬಿಕೊಳ್ಳುತ್ತದೆ. ಮೈಕೈ ನೋವಿನ ದಿನಗಳು ಇವೇ. ಓಟದ ಅಭ್ಯಾಸದಿಂದ ರಕ್ತದ ದ್ರವಭಾಗವು ಕೆಲವೇ ದಿನಗಳಲ್ಲಿ ಹೆಚ್ಚುತ್ತದೆ. ಪಳಗಿದ ಸ್ನಾಯುವು ಮೊದಲಿಗಿಂತ ಹೆಚ್ಚು ಗ್ಲೈಕೊಜನ್ನನ್ನು ಕೂಡಿಟ್ಟುಕೊಳ್ಳಬಲ್ಲದು. ಅದರೊಡನೆ ನೀರೂ ಬರುತ್ತದೆ. ಇವುಗಳ ಜೊತೆಗೆ, ಹೊಸದಾಗಿ ದಂಡ ಬಸ್ಕಿ ತೆಗೆಯುವವರಲ್ಲಿ ಸ್ನಾಯುವೇ ನಿಧಾನವಾಗಿ ಬೆಳೆಯುತ್ತದೆ. ಇವೆಲ್ಲ ಆರೋಗ್ಯಕರವಾದ ಬದಲಾವಣೆಗಳೇ. ಆದರೆ ತಕ್ಕಡಿಯು ಇವನ್ನೆಲ್ಲ ‘ಏರಿಕೆ’ ಎಂಬ ಒಂದೇ ಹೆಸರಿನಿಂದ ಕರೆಯುತ್ತದೆ.

ಶರೀರದೊಳಗೆ ಕೊಬ್ಬೆಷ್ಟು, ಉಳಿದದ್ದೆಷ್ಟು ಎಂಬುದನ್ನು ಬೇರ್ಪಡಿಸಿ ತಿಳಿಯುವ ಉಪಾಯವೊಂದು ಆರ್ಕಿಮಿಡೀಸನ ತತ್ತ್ವದಲ್ಲಿಯೇ ಇದೆ. ಕೊಬ್ಬಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.9 ಗ್ರಾಂ, ಕೊಬ್ಬನ್ನು ಕಳೆದು ಉಳಿದ ಶರೀರದ ಸಾಂದ್ರತೆ ಸುಮಾರು 1.1 ಗ್ರಾಂ. ಒಂದು ನೀರಿನಲ್ಲಿ ತೇಲುವಂಥದು, ಇನ್ನೊಂದು ಮುಳುಗುವಂಥದು. ಆದುದರಿಂದ ಮನುಷ್ಯನನ್ನು ಗಾಳಿಯಲ್ಲಿ ಒಮ್ಮೆ, ನೀರಿನೊಳಗೆ ಮುಳುಗಿಸಿ ಒಮ್ಮೆ ತೂಗಿ, ಶ್ವಾಸಕೋಶದಲ್ಲಿ ಉಳಿದ ಗಾಳಿಯ ಲೆಕ್ಕವನ್ನು ಕಳೆದರೆ ಆತನ ಸಾಂದ್ರತೆಯು ದೊರೆಯುತ್ತದೆ. ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆನ್ಕೆ ಮತ್ತು ಸಂಗಡಿಗರು 1942ರಲ್ಲಿ ಹೀಗೆ 25 ಮಂದಿ ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ಪರೀಕ್ಷಿಸಿದರು. ಅಂದಿನ ಎತ್ತರ-ತೂಕದ ಪಟ್ಟಿಯ ಪ್ರಕಾರ ಅವರಲ್ಲಿ 17 ಮಂದಿ ‘ಅತಿ ತೂಕದವರು’, ಸೈನ್ಯಕ್ಕೆ ಅನರ್ಹರು! ಆದರೆ ಅವರಲ್ಲಿ ಹೆಚ್ಚಿನವರ ಸಾಂದ್ರತೆಯು ಅಧಿಕವಾಗಿತ್ತು. ಎಂದರೆ ಆ ತೂಕವು ಸ್ನಾಯುವಿನದು, ಕೊಬ್ಬಿನದಲ್ಲ.

ನಮ್ಮ ಕಾಲೇಜಿನಲ್ಲಿ ಅಂಥ ತೊಟ್ಟಿಯಿಲ್ಲ. ಆದರೂ ನಮ್ಮ ವಿದ್ಯಾರ್ಥಿಯ ವಿಷಯದಲ್ಲಿ ನಡೆದಿರಬಹುದಾದುದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ಆರಂಭದಲ್ಲಿ ಆತನ ಸಾಂದ್ರತೆ 1.055, ಮೂರು ತಿಂಗಳ ಬಳಿಕ 1.065 ಎಂದಿಟ್ಟುಕೊಳ್ಳೋಣ. ವಿಲಿಯಂ ಸಿರಿ ಎಂಬ ವಿಜ್ಞಾನಿ ರೂಪಿಸಿದ ಸೂತ್ರವು ಸರಳವಾಗಿದೆ: 495ನ್ನು ಸಾಂದ್ರತೆಯಿಂದ ಭಾಗಿಸಿ, ಬಂದುದರಲ್ಲಿ 450ನ್ನು ಕಳೆದರೆ ಕೊಬ್ಬಿನ ಶೇಕಡಾ ಪ್ರಮಾಣ ಸಿಗುತ್ತದೆ. ಮೊದಲು ಶೇಕಡಾ 19.2, ಅನಂತರ 14.8. 62 ಕಿಲೋಗ್ರಾಮಿನಲ್ಲಿ 11.9 ಕಿಲೋಗ್ರಾಮಿದ್ದ ಕೊಬ್ಬು 9.2ಕ್ಕೆ ಇಳಿದಿದೆ. 2.7 ಕಿಲೋಗ್ರಾಂ ಕೊಬ್ಬು ಹೋಗಿ, ಅಷ್ಟೇ ತೂಕದ ಸ್ನಾಯು, ರಕ್ತ, ನೀರು ಬಂದಿವೆ. ಆದರೆ ಬಂದದ್ದು ಹೋದದ್ದಕ್ಕಿಂತ ಸಾಂದ್ರವಾದುದರಿಂದ ಶರೀರದ ಗಾತ್ರವು ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಕುಗ್ಗಿದೆ. ಅಲ್ಲದೆ ಕೊಬ್ಬು ಹೋದದ್ದು ಬಹುಪಾಲು ಹೊಟ್ಟೆಯಿಂದ, ಸ್ನಾಯು ಬಂದದ್ದು ತೋಳು ತೊಡೆಗಳಿಗೆ. ಸೊಂಟದ ಪಟ್ಟಿಯ ರಹಸ್ಯವು ಇಷ್ಟೆ. ಕೊಬ್ಬೇ ಸ್ನಾಯುವಾಗಿ ಮಾರ್ಪಟ್ಟಿತೆಂದು ಮಾತ್ರ ಭಾವಿಸಬಾರದು. ಒಂದು ಕರಗಿತು, ಬೇರೊಂದು ಬೆಳೆಯಿತು.

ಒಬ್ಬನದೇ ಶರೀರವು ಎರಡು ಕಾಲಗಳಲ್ಲಿ ಒಂದೇ ತೂಕದ ಹಿಂದೆ ಅಡಗಿಕೊಳ್ಳುವಂತೆ, ಇಬ್ಬರ ಶರೀರಗಳೂ ಅಡಗಿಕೊಳ್ಳಬಲ್ಲವು. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ನಿದರ್ಶನವನ್ನು ಪ್ರಕಟಿಸಿದರು. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಪಡೆಯುವ ಸೂಚ್ಯಂಕವು ಇಬ್ಬರಿಗೂ 22.3. ಆದರೆ ಶರೀರದ ಕೊಬ್ಬು ಯುಡ್ಕಿನ್ನರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ ಶೇಕಡಾ 21.2. ನೋಡಲು ತೆಳ್ಳಗಿದ್ದೂ ಒಳಗೆ ಹೆಚ್ಚು ಕೊಬ್ಬನ್ನು ಹೊತ್ತಿರುವುದು ನಮ್ಮ ಜನರಲ್ಲಿ ಅಪರೂಪವಲ್ಲ. “ನನ್ನ ತೂಕ ಸರಿಯಾಗಿದೆ, ನನಗೇಕೆ ವ್ಯಾಯಾಮ?” ಎನ್ನುವವರು ಇದನ್ನು ನೆನಪಿಡಬೇಕು.

ಕರಗಿದ ಕೊಬ್ಬು ಹೋದದ್ದೆಲ್ಲಿಗೆ? ಬೆವರಾಗಿ ಎಂದು ಹಲವರ ನಂಬಿಕೆ. ಹತ್ತು ಕಿಲೋಗ್ರಾಂ ಕೊಬ್ಬು ಪೂರ್ತಿ ಉರಿಯಲು 29 ಕಿಲೋಗ್ರಾಂ ಆಮ್ಲಜನಕ ಬೇಕು. ಅದರಿಂದ 28 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡೂ 11 ಕಿಲೋಗ್ರಾಂ ನೀರೂ ಆಗುತ್ತವೆ. ಪರಮಾಣುಗಳ ಜಾಡು ಹಿಡಿದು 2014ರಲ್ಲಿ ರೂಬೆನ್ ಮೀರ್‌ಮನ್ ಮತ್ತು ಆಂಡ್ರ್ಯೂ ಬ್ರೌನ್ ತೋರಿಸಿದಂತೆ, ಆ ಹತ್ತು ಕಿಲೋಗ್ರಾಮಿನಲ್ಲಿ 8.4ರಷ್ಟು ಉಸಿರಿನ ಮೂಲಕವೇ ಹೊರಟುಹೋಗುತ್ತದೆ; 1.6ರಷ್ಟು ಮಾತ್ರ ನೀರಾಗುತ್ತದೆ. ಬೆವರಿನಿಂದ ಇಳಿದ ತೂಕವು ನೀರು ಕುಡಿದೊಡನೆ ಮರಳಿ ಬರುತ್ತದೆ. ದಪ್ಪ ಬಟ್ಟೆ ಹೊದೆದು ಬಿಸಿಲಿನಲ್ಲಿ ಓಡುವುದು ನಿಷ್ಫಲ ಮಾತ್ರವಲ್ಲ, ಅಪಾಯಕರವೂ ಹೌದು.

ಇನ್ನು ಊಟ ಬಿಡುವ ಮಾತು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ 1944-45ರಲ್ಲಿ 36 ಮಂದಿ ಸ್ವಯಂಸೇವಕ ತರುಣರನ್ನು 24 ವಾರಗಳ ಕಾಲ ಅರೆಹೊಟ್ಟೆಯಲ್ಲಿರಿಸಿ ಪರೀಕ್ಷಿಸಿದನು. ಅವರ ತೂಕವು ಸುಮಾರು ಕಾಲು ಭಾಗ ಇಳಿಯಿತು, ನಿಜ. ಆದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಸವೆಯಿತು. ಹೃದಯದ ಬಡಿತ ನಿಧಾನವಾಯಿತು. ಕಾಲುಗಳಲ್ಲಿ ನೀರು ತುಂಬಿ ಬಾವು ಬಂದಿತು. ಮನಸ್ಸು ಸದಾ ಅನ್ನದ ಸುತ್ತಲೇ ಸುಳಿಯುತ್ತಿತ್ತು. ತಕ್ಕಡಿಯನ್ನು ಮೆಚ್ಚಿಸಲು ಉಪವಾಸ ಬೀಳುವವನು, ತಾನು ಶ್ರಮಪಟ್ಟು ಗಳಿಸಿದ ಸ್ನಾಯುವನ್ನೇ ಉರುವಲಾಗಿ ಒಟ್ಟುತ್ತಾನೆ. ಬೆಳೆಯುವ ವಯಸ್ಸಿನಲ್ಲಿ ಬೇಳೆ, ಕಾಳು, ಹಾಲು, ಸೊಪ್ಪುಗಳಿಂದ ಕೂಡಿದ ಹಿತವಾದ ಊಟವೂ ವ್ಯಾಯಾಮವೂ ಒಟ್ಟಿಗೆ ನಡೆಯಬೇಕು.

ಹಾಗೆಂದು ತಕ್ಕಡಿಯನ್ನು ಎಸೆಯಬೇಕಾಗಿಲ್ಲ. ಅದನ್ನು ಬಳಸುವ ಕ್ರಮವನ್ನು ಕಲಿತರೆ ಸಾಕು. ಮೂರು ತಿಂಗಳಲ್ಲಿ 2.7 ಕಿಲೋಗ್ರಾಂ ಎಂದರೆ ದಿನಕ್ಕೆ 30 ಗ್ರಾಂ. ದಿನದ ತೂಕವಾದರೋ ನೀರು, ಉಪ್ಪು, ಊಟಗಳಿಂದಾಗಿ ಒಂದು ಕಿಲೋಗ್ರಾಮಿನಷ್ಟು ಹಿಂದುಮುಂದಾಗುತ್ತಿರುತ್ತದೆ. ಪ್ರಯೋಗಶಾಲೆಯಲ್ಲಿ ಅಳೆಯಬೇಕಾದುದಕ್ಕಿಂತ ಏರಿಳಿತವೇ ಮೂವತ್ತು ಪಾಲು ದೊಡ್ಡದಾಗಿದ್ದರೆ ಒಂದು ಅಳತೆಯನ್ನು ನಾವು ನಂಬುವೆವೇ? ಹಲವು ಅಳತೆಗಳ ಸರಾಸರಿಯನ್ನು ತೆಗೆಯುತ್ತೇವೆ. ಇಲ್ಲಿಯೂ ಹಾಗೆಯೇ. ಬೆಳಗ್ಗೆ ಎದ್ದು ಶೌಚವನ್ನು ಮುಗಿಸಿದ ಮೇಲೆ, ತಿಂಡಿಗೆ ಮುಂಚೆ ತೂಗಿ, ವಾರದ ಸರಾಸರಿಯನ್ನು ತಿಂಗಳ ಹಿಂದಿನ ಸರಾಸರಿಯೊಡನೆ ಹೋಲಿಸಬೇಕು. ಜೊತೆಗೆ ಹದಿನೈದು ದಿನಕ್ಕೊಮ್ಮೆ ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆಯನ್ನು ಟೇಪಿನಿಂದ ಅಳೆದು ಬರೆದಿಡಬೇಕು. ಎಷ್ಟು ದೂರ ದಣಿಯದೆ ಓಡಬಲ್ಲೆ, ಎಷ್ಟು ದಂಡ ತೆಗೆಯಬಲ್ಲೆ ಎಂಬುದೂ ಒಂದು ಅಳತೆಯೇ.

ನಮ್ಮ ವಿದ್ಯಾರ್ಥಿಯು ರಾತ್ರಿಯ ಊಟವನ್ನು ಬಿಡಲಿಲ್ಲ. ಆರಂಭದಲ್ಲಿ ಕಾಲೇಜಿನ ಮೈದಾನವನ್ನು ಎರಡು ಸುತ್ತು ಓಡಿ ಏದುಸಿರು ಬಿಡುತ್ತಿದ್ದವನು ಈಗ ಹತ್ತು ಸುತ್ತು ಓಡುತ್ತಾನೆ. ಆತನ ತೂಕ ಇಂದಿಗೂ 62ರ ಆಸುಪಾಸಿನಲ್ಲಿಯೇ ಇದೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬಂತೆ, ಇಳಿದದ್ದೆಲ್ಲ ಕೊಬ್ಬಲ್ಲ, ಇಳಿಯದಿದ್ದುದೆಲ್ಲ ಸೋಲೂ ಅಲ್ಲ.