ಅಧಿಕಾರಿಗಳ ಕೆಲಸಕ್ಕೂ ಲೆಕ್ಕ ಬೇಕು



ತೋಟದಲ್ಲಿ ಎಷ್ಟು ಮರದ ಬುಡ ಬಿಡಿಸಿದ್ದಾಯಿತೆಂದು ಸಂಜೆಗೆ ಎಣಿಸುತ್ತೇವೆ. ಸರ್ಕಾರದ ಹಿರಿಯ ಅಧಿಕಾರಿಗಳ ಕೆಲಸವನ್ನು ಎಣಿಸುವುದು ಹೇಗೆ?

ವರ್ಷಾರಂಭದಲ್ಲಿ ಇಂತಿಷ್ಟು ಕೆಲಸವೆಂದು ಬರೆದು ಸಹಿ ಹಾಕಿ, ಕೊನೆಗೆ ಅದರಂತೆ ಅಳೆಯುವುದೇ ಕಾರ್ಯಸಾಧನಾ ಒಪ್ಪಂದ. ನ್ಯೂಜಿಲೆಂಡ್ 1988ರ ಕಾಯಿದೆಯಿಂದ ಇಲಾಖಾ ಮುಖ್ಯಸ್ಥರನ್ನು ಅವಧಿಯ ಕರಾರಿನ ಮೇಲೆ ನೇಮಿಸತೊಡಗಿತು. ದಿಲ್ಲಿಯಲ್ಲಿ 2009ರಲ್ಲಿ ಕಾರ್ಯದರ್ಶಿಗಳು ಮಂತ್ರಿಗಳೊಡನೆ ಇಂಥ ಪತ್ರಕ್ಕೆ ಸಹಿ ಹಾಕುವ ಪದ್ಧತಿ ಬಂದು, 2014ರ ನಂತರ ನಿಂತುಹೋಯಿತು.

ನಮ್ಮ ರಾಜ್ಯ ಹಿಡಿದದ್ದು ಬೇರೆ ದಾರಿ. 2011ರ ಕಾಯಿದೆಯಂತೆ 2012ರ ಏಪ್ರಿಲ್‌ನಲ್ಲಿ 'ಸಕಾಲ' ಆರಂಭವಾಯಿತು. ಪಟ್ಟಿಯಲ್ಲಿರುವ ಪ್ರತಿ ಸೇವೆಗೂ ದಿನಗಳ ಗಡುವುಂಟು. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ, ಹೊಣೆಗಾರ ಅಧಿಕಾರಿಯಿಂದ ಅರ್ಜಿದಾರರಿಗೆ ಸಲ್ಲಬೇಕು.

ಒಂದು ಕೊರತೆಯೂ ಇದೆ. ಪೆಟ್ಟು ಬೀಳುವುದು ಕೆಳಗಿನ ಮೇಜಿಗೆ. ಸಾಕಷ್ಟು ಸಿಬ್ಬಂದಿ ಕೊಡದ ಮೇಲಿನವರಿಗೆ ಅದು ತಟ್ಟದು. ಆದರೆ ಮೊದಲ ಮೇಲ್ಮನವಿ ಸಕ್ಷಮ ಅಧಿಕಾರಿಗೆ, ಎರಡನೆಯದು ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುತ್ತದೆ. ಆಗ ಆ ತಡ ಮೇಲಿನವರ ಕಡತವನ್ನೂ ಸೇರುತ್ತದೆ.

ಆದ್ದರಿಂದ ಬೆಲ್ಲದ ಬಾಗೇವಾಡಿಯ ಕಬ್ಬಿನ ರೈತರಾಗಲಿ, ಅಡಿಕೆ ಕಾಫಿಯ ನಾವಾಗಲಿ, ಅರ್ಜಿ ಕೊಟ್ಟೊಡನೆ ಸಕಾಲ ಸಂಖ್ಯೆಯ ರಸೀದಿ ಕೇಳಿ ಪಡೆಯೋಣ. ಗಡುವು ದಾಟಿದರೆ ಸುಮ್ಮನಿರದೆ ಮೇಲ್ಮನವಿ ಬರೆಯೋಣ. ಕೇಳುವವರಿದ್ದರೆ ಮಾತ್ರ ಲೆಕ್ಕ ಒಪ್ಪಿಸುವವರಿರುತ್ತಾರೆ.